ರಾಮಣ್ಣ ಎಂಬ ದಿಂಬು

ಇಂದುಮತಿ ಸಿಸ್ಟರ್ ಮನೆಗೆ ರೋಗಿ ಬಂದದ್ದು ಕೊರಿಯರಿನಲ್ಲಿ.

ಬೆಟಗೇರಿಯ ಆ ಓಣಿಯಲ್ಲಿ ಹಗಲಿರುಳೂ ಮಗ್ಗದ ಸದ್ದು. ಕೊರಿಯರಿನವನು ಗಂಟಲು ಹರಿಯುವಂತೆ ಕೂಗಿದ ಮೇಲೆ ಅತ್ತೆ ಕಾಳವ್ವ ಹೊರಗೆ ಬಂದಳು. ಅವನ ತಲೆಯ ಮೇಲಿದ್ದ ದೊಡ್ಡ ಡಬ್ಬಿ ನೋಡಿ, "ಯಾರದೋ ಮದವಿ ಗಾದಿ ನಮ್ಮನೀಗೆ ತಂದೀಯೇನೋ ತಮ್ಮಾ?" ಎಂದು ಕೇಳಿದಳು. ಅವನು ಹೆಸರು ಓದಿ ಹೇಳಿದ. ಹೆಸರು ಸೊಸೆಯದೇ ಆಗಿತ್ತು.

ಇಂದುಮತಿ ಡ್ಯೂಟಿಯಿಂದ ಬಂದು ಡಬ್ಬಿ ಬಿಚ್ಚಿದಳು. ಒಳಗೆ ಒಂದು ದಿಂಬು. ದಿಂಬೆಂದರೆ ತಲೆಗೆ ಇಟ್ಟುಕೊಳ್ಳುವುದಲ್ಲ; ಕುತ್ತಿಗೆಯಿಂದ ಹೊಟ್ಟೆಯವರೆಗೆ ಮನುಷ್ಯನ ಎದೆಯಂತಿದ್ದದ್ದು, ಪಕ್ಕಕ್ಕೆ ಒಂದೇ ಒಂದು ಕೈ. ವೈರು ಸಿಕ್ಕಿಸಿ ಗುಂಡಿ ಒತ್ತಿದ್ದೇ ತಡ, ದಿಂಬು ಎದೆ ಉಬ್ಬಿಸಿ ಒಂದು ನಿಟ್ಟುಸಿರು ಬಿಟ್ಟಿತು.

"ಯಪ್ಪಾ ಮೌನಪ್ಪಾ!" ಎಂದು ಮನೆದೇವರನ್ನು ಕೂಗುತ್ತ ಕಾಳವ್ವ ಗೋಡೆಗೆ ಆತುಕೊಂಡಳು.

"ನಮಸ್ಕಾರ್ರಿ," ಎಂದಿತು ದಿಂಬು. "ನಾ ರಾಮಣ್ಣ ಗುರಿಕಾರ. ಪೋಸ್ಟಮನ್ ಆಗಿ ರಿಟೈರ್ ಆದಾಂವ. ಕೆಮ್ಮ ಭಾಳ ಆಗೇತ್ರಿ, ಮಲಗಾಕ ಬಿಡವಲ್ದು."

ಕಾಳವ್ವ ತಟ್ಟನೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. "ಗಂಡಸದಾನ ಅಂತ ಮೊದಲ ಹೇಳಬಾರದೇನ ಇಂದೂ? ನಾ ಹಂಗ ನಿಂತಿದ್ನಲ್ಲ!"

"ಅತ್ತಿ, ಅದು ದಿಂಬರಿ. ನನ್ನ ಪರೀಕ್ಷಾಕ್ಕ ಕಳಿಸ್ಯಾರ."

"ದಿಂಬಾದ್ರ ಏನಾತು, ಹೆಸರ ಇಟಗೊಂಡ ಬಂದೈತಲ್ಲ. ಚಾ ಕುಡೀತೈತೇನು ಕೇಳು."

ಹೀಗೆ ರಾಮಣ್ಣ ಮನೆಯವನಾದ.

ಸರಕಾರ ಆಗಷ್ಟೇ ಹೊಸ ನಿಯಮ ತಂದಿತ್ತು. ಬರೀ ಡಿಪ್ಲೊಮಾ ಓದಿದ ನರ್ಸುಗಳು ಇನ್ನು ಮುಂದೆ ಐಸಿಯುದಲ್ಲಿ ಕೆಲಸ ಮಾಡುವ ಹಾಗಿಲ್ಲ, ಡಿಗ್ರಿ ಬೇಕು. ಇಂದುಮತಿ ಹದಿನಾರು ವರ್ಷ ಐಸಿಯುದಲ್ಲೇ ಬೆವರು ಸುರಿಸಿದವಳು. ಕೊಳವೆ, ಮಾನಿಟರು, ಸಾವು, ಬದುಕು ಎಲ್ಲವೂ ಅವಳ ಕೈಮೇಲೆ ಹಾದುಹೋಗಿದ್ದವು. ಅದನ್ನು ಬಿಟ್ಟು ಹೊರರೋಗಿ ಚೀಟಿ ಕೌಂಟರಿಗೆ ಹೋಗಿ ಕೂರುವುದೆಂದರೆ ಅವಳಿಗೆ ಮನೆ ಬಿಟ್ಟು ಪಡಸಾಲೆಯಲ್ಲಿ ಬಾಡಿಗೆಗೆ ಇದ್ದಂತೆ. ಅದಕ್ಕೇ ಕರಾವಳಿಯ ಒಂದು ವಿಶ್ವವಿದ್ಯಾಲಯದ ಆನ್‌ಲೈನ್ ಡಿಗ್ರಿಗೆ ಸೇರಿಕೊಂಡಳು.

ಸೇರುವುದು ಸುಲಭ, ಓದುವುದು ಯಾರಪ್ಪನ ಮನೆಯದು? ಬಸ್ಸಿನಲ್ಲಿ ನಿಂತು ಪಾಠ ಕೇಳಿದಳು. ರೊಟ್ಟಿ ಬಡಿಯುತ್ತ ಶರೀರಶಾಸ್ತ್ರ ಕೇಳಿದಳು. ರೊಟ್ಟಿಯ ಸದ್ದಿನಲ್ಲಿ ಅರ್ಧ ಮೂತ್ರಪಿಂಡ ಹಾರಿಹೋಯಿತು. ಒಮ್ಮೆ ಕ್ಯಾಮೆರಾದ ಮುಂದೆಯೇ ಕೂತಲ್ಲಿ ನಿದ್ದೆ ಹೋದಾಗ ಹಾಜರಿ ಹಾಕುವ ಕಂಪ್ಯೂಟರು "ವಿದ್ಯಾರ್ಥಿನಿ ಕ್ಷೇಮವಾಗಿದ್ದಾರೆಯೇ?" ಎಂದು ಮನೆಯವರಿಗೆ ಫೋನು ಮಾಡಿತ್ತು. ಗಂಡ ಮೌನೇಶ ಬಡಿಗರ ಮನೆತನದವನಾದರೂ ಬಸ್ ಡಿಪೋದಲ್ಲಿ ಬ್ಯಾಟರಿ ಬಸ್ಸುಗಳ ರಿಪೇರಿ ಮಾಡುವವನು. ಫೋನೆತ್ತಿ, "ಕ್ಷೇಮ ಅದಾಳ್ರಿ, ಗೊರಕಿ ಹೊಡ್ಯಾಕತ್ತಾಳ" ಎಂದು ಉತ್ತರ ಕೊಟ್ಟಿದ್ದ.

ಅಷ್ಟೆಲ್ಲ ದಾಟಿ ಬಂದವಳು ಕೊನೆಗೆ ಸಿಕ್ಕಿಹಾಕಿಕೊಂಡದ್ದು ಒಂದು ಸಣ್ಣ ಪಾಠದಲ್ಲಿ. ಅದರ ಹೆಸರು 'ಕಠಿಣ ಸುದ್ದಿಯ ಮಾತುಕತೆ'. ಮನೆಗೆ ಬಂದ ಪಾಠದ ರೋಗಿಯನ್ನು ತಿಂಗಳುಗಟ್ಟಲೆ ನೋಡಿಕೊಳ್ಳಬೇಕು. ರಾಮಣ್ಣನಿಗೆ ವಾಸಿಯಾಗದ ಶ್ವಾಸಕೋಶದ ರೋಗ. ಅವನ ಮನೆಯವರು ಅದನ್ನು ಅವನಿಂದ ಮುಚ್ಚಿಟ್ಟಿದ್ದಾರೆ. ವೈದ್ಯರು ಹೇಳಲು ಒಪ್ಪಿಗೆ ಕೊಟ್ಟಿದ್ದಾರೆ. ಒಂದು ದಿನ ಅವನು ತಾನಾಗಿ ಕೇಳುತ್ತಾನೆ. ಆಗ ನರ್ಸು ಹೇಗೆ ಮಾತಾಡುತ್ತಾಳೆ ಎಂಬುದೇ ಪರೀಕ್ಷೆ. ಮೂರು ಅವಕಾಶ. ಮೂರೂ ತಪ್ಪಿದರೆ ಕೋರ್ಸಿನಿಂದ ಹೊರಗೆ, ಅಂದರೆ ಐಸಿಯುದಿಂದಲೂ ಹೊರಗೆ.

ಮೊದಲನೆಯ ಸಲ ಅವಳು ಅವನ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತಿದ್ದಾಗ ರಾಮಣ್ಣ ಕೇಳಿದ: "ಸಿಸ್ಟರ್, ನಾ ಉಳೀತೀನೇನ್ರಿ?"

"ಏನೂ ಆಗಂಗಿಲ್ರಿ ಅಣ್ಣಾರ, ಆರಾಮ ಆಗ್ತೀರಿ," ಎಂದಳು ಇಂದುಮತಿ. ಯೋಚಿಸಿ ಹೇಳಿದ್ದಲ್ಲ. ಸೀನಿದವರಿಗೆ 'ಶತಾಯುಷಿ' ಅಂದಂತೆ, ಬಾಯಿಂದ ತಾನಾಗಿ ಬಂದದ್ದು. ದಿನಕ್ಕೆ ಎಷ್ಟೋ ಹಾಸಿಗೆಗಳ ಪಕ್ಕ ಹೇಳುವ ಮಾತು. ಆದರೆ ಅವಳ ಬೆರಳ ಕೆಳಗೆ ದಿಂಬಿನ ನಾಡಿ ಒಮ್ಮೆಲೇ ಬಲೆಗೆ ಬಿದ್ದ ಹಕ್ಕಿಯ ಹಾಗೆ ಬಡಿದುಕೊಳ್ಳತೊಡಗಿತು. ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು: ಅನುತ್ತೀರ್ಣ.

ಎರಡನೆಯ ಸಲ ಪುಸ್ತಕದ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಕೂತಳು. ಅವನು ಕೇಳಿದ ಕೂಡಲೇ, "ತಮ್ಮ ಕಾಯಿಲೆಯ ಬಗ್ಗೆ ತಾವು ಏನನ್ನು ಅರಿತಿದ್ದೀರಿ ಎಂಬುದನ್ನು ದಯವಿಟ್ಟು ಹಂಚಿಕೊಳ್ಳಿ" ಎಂದಳು.

ರಾಮಣ್ಣ ಸ್ವಲ್ಪ ಹೊತ್ತು ಕೆಮ್ಮಿದ. "ಸಿಸ್ಟರ್, ಹೊತ್ತಾದ ಮ್ಯಾಲೆ ರೇಡಿಯೋದಾಗ ವಾರ್ತೆ ಓದೋರಂಗ ಯಾಕ ಮಾತಾಡಾಕತ್ತೀರಿ? ಅಷ್ಟ ಕೆಟ್ಟದ ಐತೇನ್ರಿ?"

ಮತ್ತೆ ಕೆಂಪು ಅಕ್ಷರ. ಅಡುಗೆಮನೆಯಲ್ಲಿ ಕಾಳವ್ವ ಸೆರಗು ಬಾಯಿಗಿಟ್ಟು ನಕ್ಕಳು. ಆ ನಗೆ ಕೇಳಿ ಇಂದುಮತಿಗೆ ಅಳು ಬಂತು. ನಗುವ ಮುದುಕಿಯ ತಲೆಯ ಮೇಲೆ ಸೆರಗಿನ ಕೆಳಗೆ ಕೂದಲು ಉಳಿದಿರಲಿಲ್ಲ.

ಕಾಳವ್ವನಿಗೆ ಮೇದೋಜೀರಕದಲ್ಲಿ ಕ್ಯಾನ್ಸರು. ಹುಬ್ಬಳ್ಳಿಯಲ್ಲಿ ತಪಾಸಣೆ ಮಾಡಿಸಿ ಬಂದ ದಿನವೇ ಮೌನೇಶ ಹೆಂಡತಿಯ ಎರಡೂ ಕೈ ಹಿಡಿದುಕೊಂಡು, "ಯವ್ವಗ ಮಾತ್ರ ಹೇಳಬ್ಯಾಡ. ಕೇಳಿದಾಕ್ಷಣ ಜೀವ ಬಿಡ್ತಾಳಾಕಿ. ಹೊಟ್ಯಾಗ ಹುಣ್ಣ ಆಗೇತಿ ಅನ್ನೂಣು" ಎಂದಿದ್ದ. ಇಂದುಮತಿ ಒಪ್ಪಿದ್ದಳು. ಅವಳು ಕಂಡ ಮನೆಗಳಲ್ಲೆಲ್ಲ ಹಾಗೆಯೇ ಮಾಡುತ್ತಾರೆ. ಕ್ಯಾನ್ಸರಿನ ಔಷಧಿಯ ಸಲಾಯಿನ್ನಿಗೆ 'ಶಕ್ತಿ ಸಲಾಯಿನ್' ಎಂದು ಹೆಸರಿಟ್ಟದ್ದು ಅವಳೇ. ಮೂರು ಸಲ ಆಗಿತ್ತು. ಪ್ರತಿ ಸಲದ ನಂತರ ಮುದುಕಿ ವಾರಗಟ್ಟಲೆ ಬೋಗುಣಿ ಹಿಡಿದು ವಾಂತಿ ಮಾಡುತ್ತಿದ್ದಳು. ನಾಲ್ಕನೆಯದು ಬರುವ ಮಂಗಳವಾರಕ್ಕೆ ಗೊತ್ತಾಗಿತ್ತು.

ಎರಡು ಸಲ ತಪ್ಪಿದವರನ್ನು ವಿಶ್ವವಿದ್ಯಾಲಯ ಒಂದು ದಿನದ ಮಟ್ಟಿಗೆ ಕರೆಸಿಕೊಳ್ಳುತ್ತಿತ್ತು. ಇಂದುಮತಿ ರಜೆ ಹಾಕಿ ಹೋದಳು.

ದಿಂಬುಗಳನ್ನೆಲ್ಲ ನಡೆಸುವ ಆ ಕೋಣೆ ಸಿನಿಮಾ ಟಾಕೀಸಿನಷ್ಟು ಕತ್ತಲು, ಅಷ್ಟೇ ತಣ್ಣಗೆ. ಗೋಡೆಯ ತುಂಬ ಹಸಿರು ಗೆರೆಗಳು ಏರುತ್ತ ಇಳಿಯುತ್ತ ಇದ್ದವು. ಒಂದೊಂದು ಗೆರೆ ಒಂದೊಂದು ಊರಿನ, ಯಾವುದೋ ನರ್ಸಿನ ಮನೆಯ ಮೂಲೆಯಲ್ಲಿ ಉಸಿರಾಡುತ್ತಿರುವ ದಿಂಬು. ಅದರ ಉಸ್ತುವಾರಿ ಜೆಸಿಂತಾ ಪಿಂಟೊ ಮೇಡಂ, ಮೊದಲು ತಾವೂ ವಾರ್ಡಿನಲ್ಲಿ ದುಡಿದವರು. ದಪ್ಪ ಕನ್ನಡಕ, ಕೈಯಲ್ಲಿ ಚಹಾದ ಲೋಟ.

"ಇಲ್ಲಿ ನೋಡಿ, ಇದು ನಿಮ್ಮ ರಾಮಣ್ಣ," ಎಂದು ಒಂದು ಗೆರೆಯನ್ನು ತೋರಿಸಿದರು. "ಈಗ ಆರಾಮಲ್ಲಿ ಇದ್ದಾರೆ. ಯಾರೋ ಮಾತಾಡಿಸ್ತಾ ಇದ್ದಾರೆ ಕಾಣ್ತದೆ."

"ನಮ್ಮ ಅತ್ತಿ ಇರಬೇಕ್ರಿ."

"ಒಳ್ಳೇದಾಯ್ತಲ್ಲ. ನಿಮ್ಮ ಧ್ವನಿಗೆ ಮಾತ್ರ ನಾವು ಅಂಕ ಕೊಡುವುದು. ಬೇರೆಯವರು ಮಾತಾಡಿದರೆ ಅದು ನೋಡ್ಲಿಕ್ಕೆ ಬಂದವರ ಲೆಕ್ಕ."

ಇಂದುಮತಿಗೆ ತಡೆಯಲಾಗಲಿಲ್ಲ. "ಮೇಡಂ, ನಾ ಆರಾಮ ಆಗ್ತೀರಿ ಅಂದ್ರ ಅದರ ನಾಡಿ ಯಾಕ ಏರಬೇಕ್ರಿ? ಧೈರ್ಯ ಹೇಳೂದು ತಪ್ಪೇನ್ರಿ? ನೀವ ಹಂಗ ಏರೋ ಹಂಗ ಮಾಡೀರಿ ಅದನ್ನ."

ಪಿಂಟೊ ಮೇಡಂ ನಕ್ಕರು. "ನಾವು ಮಾಡಿದ್ದಲ್ಲ ಮಾರಾಯ್ರೆ. ಹಿಂದೆ ಒಂದಷ್ಟು ಆಸ್ಪತ್ರೆಯಲ್ಲಿ ರೋಗಿಗಳ ಒಪ್ಪಿಗೆ ತಗೊಂಡು, ಹಾಸಿಗೆ ಪಕ್ಕದ ಮಾತು ಮತ್ತು ಮಾನಿಟರಿನ ನಾಡಿ ಎರಡನ್ನೂ ಜೊತೆಯಲ್ಲಿ ಹಿಡಿದಿಟ್ಟರು. ಸಾವಿರಾರು ಜನರದ್ದು. ಆಮೇಲೆ ಕಂಪ್ಯೂಟರಿಗೆ ಕೊಟ್ಟದ್ದು. 'ಏನೂ ಆಗುವುದಿಲ್ಲ' ಅಂತ ಹೇಳಿದಾಗ ನಾಡಿ ಇಳೀತದೆ ಅಂತಲೇ ನಾವೆಲ್ಲ ನಂಬಿದ್ದು. ಏರಿತು! ಹೆಚ್ಚಿನವರದ್ದು ಏರಿತು. ಅದನ್ನು ಕಲಿತ ದಿಂಬು ಇದು. ಎಂತ ಅಂದ್ರೆ, ರೋಗಿಗೆ ಮೈ ಅವರದ್ದೇ ಅಲ್ವಾ? ಅವರಿಗೆ ಒಳಗೆ ಗೊತ್ತಿರ್ತದೆ. ನಾವು ಇಲ್ಲ ಅಂದರೆ, ಓಹೋ, ಇವರು ಹೇಳ್ಲಿಕ್ಕೇ ಹೆದರುವಷ್ಟು ದೊಡ್ಡದು ಇದು ಅಂತ ಎದೆ ಹೊಡ್ಕೊಳ್ತದೆ."

"ಆದ್ರ ಡಾಕ್ಟರ್ ಹೇಳೂದನ್ನ ನಾವು ಹೇಳಿದ್ರ ಬಯ್ತಾರ್ರಿ ಮೇಡಂ."

"ರೋಗದ ಹೆಸರು ಹೇಳಿ ಓಡಿ ಹೋಗಿ ಅಂತ ನಾನು ಹೇಳಿದ್ದಾ? ಅವರು ಬಾಗಿಲು ತೆಗೆದಾಗ ನೀವು ಮುಚ್ಚಬೇಡಿ. ಅಷ್ಟೇ ಪಾಠ. ಆ ಒಂದು ಮಾತು ಹೇಳಿ ನಾವು ಮುಂದಿನ ಹಾಸಿಗೆಗೆ ಹೋಗ್ತೇವೆ. ಧೈರ್ಯ ಬರುವುದು ಯಾರಿಗೆ? ನಮಗೆ."

ಬಸ್ಸಿನಲ್ಲಿ ಘಟ್ಟ ಹತ್ತುವಷ್ಟು ಹೊತ್ತೂ ಇಂದುಮತಿಯ ತಲೆಯಲ್ಲಿ ಆ ಮಾತೇ ಗುಂಯ್ ಎನ್ನುತ್ತಿತ್ತು. ಪಾಠ ಅರ್ಥವಾಗಿತ್ತು. ಅರ್ಥವಾದದ್ದೇ ಕಷ್ಟವಾಗಿತ್ತು.

ಮರುದಿನ ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡುವಾಗ ಒಳಗಿನ ಮಾತು ಕೇಳಿಸಿತು. ಕಾಳವ್ವ ದಿಂಬಿನ ಪಕ್ಕ ಕಾಲು ಚಾಚಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

"ನೀ ನಿನ್ನಿ ಕೇಳಿದ್ದನ್ನ ಇವತ್ತೂ ಕೇಳ್ತೀಯಲ್ಲ ರಾಮಣ್ಣಾ. ಮರವು ಭಾಳ ಆತು ನಿಂದು."

"ಹೌದೇನ್ರಿ ಅಕ್ಕಾರ? ನೆಪ್ಪ ಇಲ್ರಿ." ಮರುಪರೀಕ್ಷೆಗೆಂದು ವಿಶ್ವವಿದ್ಯಾಲಯದ ಆ ಕೋಣೆಯವರು ದಿಂಬಿನ ನೆನಪನ್ನು ಆಗಾಗ ಅಳಿಸಿಬಿಡುತ್ತಿದ್ದರು. "ನಿಮಗೂ ಆರಾಮಿಲ್ಲಂತಲ್ರಿ?"

"ಹೊಟ್ಯಾಗ ಹುಣ್ಣಂತ. ಶಕ್ತಿ ಬರಾಕ ಸಲಾಯಿನ್ ಹಾಕಿಸ್ತಾರ. ತಲಿಗೂದಲಾ ಉದರಿಸೋ ಶಕ್ತಿ ನಾ ಎಲ್ಲೂ ಕಂಡಿದ್ದಿಲ್ಲಪಾ."

"ಮನೀ ಮಂದೀನ ಕೇಳಬೇಕಿಲ್ರಿ?"

"ಮಗಾ ಅತ್ತಬಿಡ್ತಾನ. ಸೊಸಿ ನರ್ಸ ಅದಾಳ, ಅಕಿ ನಕ್ಕೊಂತ ಸುಳ್ಳ ಹೇಳ್ತಾಳ. ಇಬ್ಬರ್ನೂ ನೋಡಾಕ ಆಗಂಗಿಲ್ಲ ನನಗ. ಅದಕ್ಕ ಸುಮ್ಮನ ಹುಣ್ಣ ಹುಣ್ಣ ಅಂತೀನಿ."

ಇಂದುಮತಿ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು ಹೊರಗೆ ಹೋದಳು. ಓಣಿಯ ತುದಿಯವರೆಗೆ ನಡೆದು, ಬೇಕಿಲ್ಲದ ಕೊತ್ತಂಬರಿ ಕೊಂಡು, ಈ ಸಲ ಗೇಟಿನ ಸದ್ದು ಮಾಡುತ್ತ ಒಳಗೆ ಬಂದಳು. ಕಾಳವ್ವ ಬೆಳ್ಳುಳ್ಳಿ ಬಟ್ಟಲನ್ನು ಎತ್ತಿಕೊಂಡು ಎದ್ದಳು. ಇಬ್ಬರೂ ಏನೂ ಆಗಿಲ್ಲದವರಂತೆ ಸಾರಿಗೆ ಹುಳಿ ಸಾಕೋ ಬೇಕೋ ಎಂದು ಮಾತಾಡಿಕೊಂಡರು.

ಮೇಡಂ ಎದುರಿಗೇ ಆಗಬೇಕಿದ್ದ ಮೂರನೆಯ ಪರೀಕ್ಷೆ ಭಾನುವಾರ ಮಧ್ಯಾಹ್ನಕ್ಕೆ ಗೊತ್ತಾಯಿತು. ಮೌನೇಶನಿಗೆ ಡಿಪೋದಲ್ಲಿ ಕೆಲಸವಿತ್ತು. ಇಂದುಮತಿ ಕ್ಯಾಮೆರಾ ಹೊಂದಿಸಿ, ದಿಂಬಿನ ಪಕ್ಕ ಚಾಪೆಯ ಮೇಲೆ ಕೂತಳು. ಪರದೆಯ ಮೂಲೆಯಲ್ಲಿ ಪಿಂಟೊ ಮೇಡಂ ಮುಖ ಬಿಲ್ಲೆಯಷ್ಟಾಗಿ ಕಾಣಿಸಿತು. "ಶುರು ಮಾಡಿ," ಎಂದರು, ಅಷ್ಟೇ.

ಇಂದುಮತಿ ರಾಮಣ್ಣನ ಮಣಿಕಟ್ಟು ಹಿಡಿದಳು. "ಹೆಂಗ ಅನಸ್ತೈತ್ರಿ ಅಣ್ಣಾರ ಇವತ್ತ?"

"ಏನ ಹೇಳ್ಲಿ ಸಿಸ್ಟರ್. ನಿನ್ನಿಗಿಂತ ಇವತ್ತ ಸಣ್ಣ ಆದಂಗ ಅನಸ್ತೈತಿ."

ಅಷ್ಟರಲ್ಲಿ ಕಾಳವ್ವ ಒಳಕೋಣೆಯಿಂದ ಬಂದಳು. ಗೋಡೆ ಹಿಡಿದು ನಿಧಾನವಾಗಿ ಬಂದು, ಸೊಸೆಯ ಇನ್ನೊಂದು ಪಕ್ಕಕ್ಕೆ ಕೂತು, ತನ್ನ ಕೈ ಮುಂದೆ ಚಾಚಿದಳು. ಬಳೆಗಳು ಮೊಣಕೈಯವರೆಗೆ ಜಾರಿದವು.

"ಇದನ್ನೂ ಹಿಡಿ."

"ಅತ್ತಿ, ಪರೀಕ್ಷಾ ನಡದೈತ್ರಿ..."

"ನಡೀಲಿ. ಹಿಡಿ."

ಇಂದುಮತಿ ಹಿಡಿದಳು. ಒಂದು ಕೈಯಲ್ಲಿ ದಿಂಬಿನ ನಾಡಿ, ಇನ್ನೊಂದರಲ್ಲಿ ಅತ್ತೆಯದು. ದಿಂಬಿನದು ಬೆಚ್ಚಗೆ, ದುಂಡಗೆ, ಒಂದೇ ಸಮ ಹೊಡೆಯುತ್ತಿತ್ತು. ಅತ್ತೆಯದು ದಾರದಷ್ಟು ತೆಳ್ಳಗಿತ್ತು.

"ಸಿಸ್ಟರ್," ಎಂದ ರಾಮಣ್ಣ, "ಖರೇ ಹೇಳ್ರಿ. ನಾ ಉಳೀತೀನೇನ್ರಿ?"

ಕಾಳವ್ವ ಸೊಸೆಯ ಮುಖವನ್ನೇ ನೋಡುತ್ತಿದ್ದಳು. "ಅಂವ ಕೇಳಿದ್ದ ನಾನೂ ಕೇಳೀನಿ ಅಂತ ತಿಳಿ. ಹುಣ್ಣಲ್ಲ, ಹೌದಲ್ಲ?"

"ಏನೂ..." ಎಂದಿತು ಇಂದುಮತಿಯ ಬಾಯಿ. ಹದಿನಾರು ವರ್ಷದ ರೂಢಿ, ತಡೆದರೆ ನಿಲ್ಲುವುದೇ? ಆದರೆ ಆ ಒಂದು ಪದಕ್ಕೇ ಅತ್ತೆಯ ನಾಡಿ ಬೆರಳಿಗೆ ಎಟುಕದ ಹಾಗೆ ಓಡತೊಡಗಿತು. ಅವಳು ಬಾಯಿ ಮುಚ್ಚಿದಳು.

ಉತ್ತರ ಅವಳಿಗೆ ಗೊತ್ತಿತ್ತು. ಅದನ್ನು ದಿಂಬಿನ ಕಡೆ ಮುಖ ಮಾಡಿ ಹೇಳಿದ್ದರೆ ಈ ಕ್ಷಣವೇ ಪಾಸು. ಐಸಿಯು ಉಳಿಯುತ್ತಿತ್ತು. ಅತ್ತೆಗೆ ಆಮೇಲೆ ಹೇಳಬಹುದು, ಮಂಗಳವಾರದ ನಂತರ, ಗಂಡನನ್ನು ಕೇಳಿ, ಸಮಯ ನೋಡಿ. ಆದರೆ ಈ ಹೆಂಗಸು ಬಾಗಿಲು ತೆಗೆದದ್ದು ಈಗ.

"ರಾಮಣ್ಣಾರ, ನೀವು ಸ್ವಲ್ಪ ತಡೀರಿ," ಎಂದು ಅವಳು ದಿಂಬಿನ ಕೈ ಬಿಟ್ಟಳು. ಅತ್ತೆಯ ಕೈಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಪರದೆಯ ಮೂಲೆಯಲ್ಲಿದ್ದ ಮುಖ ಆರಿಹೋಗಿ ಕಪ್ಪು ಚೌಕ ಉಳಿದದ್ದನ್ನು ಯಾರೂ ನೋಡಲಿಲ್ಲ.

"ಹುಣ್ಣಲ್ರಿ ಅತ್ತಿ. ನಿಮಗ ಏನಂತ ಅನಿಸಿತ್ರಿ?"

"ಕ್ಯಾನ್ಸರ್."

"ಹೌದ್ರಿ."

"ಆ ಶಕ್ತಿ ಸಲಾಯಿನ್ನು?"

"ಅದು ಕ್ಯಾನ್ಸರಿನ ಔಷಧರಿ. ನಾನ ಆ ಹೆಸರ ಇಟ್ಟೀನಿ."

"ಅದನ್ನ ಹಾಕಿಸಿದ್ರ ವಾಸಿ ಆಗ್ತೈತಿ?"

"ಇಲ್ರಿ. ಹಾಕಿಸಿದ್ರ ಒಂದಿಷ್ಟ ದಿನ ಹೆಚ್ಚ ಸಿಗಬಹುದು. ಖಾತ್ರಿ ಇಲ್ಲ. ವಾಂತಿ, ಸುಸ್ತು ಇದ್ದದ್ದ. ಹಾಕಿಸ್ಲಿಲ್ಲಂದ್ರ ದಿನ ಕಡಿಮಿ ಆಗಬಹುದು, ಆದ್ರ ನೋವಾಗದಂಗ ನಾ ನೋಡ್ಕೊತೀನಿ. ಅದು ನನಗ ಬರ್ತೈತಿ."

ಪಾಠದಲ್ಲಾದರೆ ಇಲ್ಲಿ ನಾಡಿ ಇಳಿಯಬೇಕು. ಕಾಳವ್ವನ ನಾಡಿ ಇಳಿಯಲಿಲ್ಲ. ಅವಳು ಕೈ ಕಿತ್ತುಕೊಂಡಳು. ಮುಖ ಕೆಂಡದಂತಾಯಿತು.

"ಮೂರ ಸರ್ತಿ! ಮೂರ ಸರ್ತಿ ನನ್ನ ಕರಳಾ ಹೊರಗ ಬರೋವಂಗ ವಾಂತಿ ಮಾಡಿಸಿದ್ರಿ. ಯಾರನ್ನ ಕೇಳಿ ಮಾಡಿಸಿದ್ರಿ? ಈ ಮೈ ನಿಮ್ಮಪ್ಪಂದೇನ? ನೀ ಬೋಗುಣಿ ಹಿಡಕೊಂಡ ನಿಂತಿರ್ತಿದ್ದೆಲ್ಲ ಇಂದೂ, ಆವಾಗರೆ ಬಾಯಿ ಬರಲಿಲ್ಲಾ ನಿನಗ?"

"ತಪ್ಪಾತ್ರಿ ಅತ್ತಿ."

"ತಪ್ಪಾತಂತ. ತಪ್ಪಾತು ಅಂದ್ರ ಮುಗೀತೇನ?"

ಇಂದುಮತಿ ಏಳಲಿಲ್ಲ, ಸಮಾಧಾನ ಹೇಳಲಿಲ್ಲ, ನೀರು ತರುವ ನೆಪ ಮಾಡಿಕೊಂಡು ಒಳಗೂ ಹೋಗಲಿಲ್ಲ. ಬೈಗುಳವನ್ನು ಬೈಗುಳದ ಹಾಗೆಯೇ ತೆಗೆದುಕೊಂಡು ಕೂತಳು. ಕಾಳವ್ವ ಬೈದು ಬೈದು ದಣಿದಳು. ಆಮೇಲೆ ಅತ್ತಳು. ಅತ್ತು ಮುಗಿದ ಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು, "ಹಂಗಾದ್ರ ಮಂಗಳವಾರದ್ದು ಬ್ಯಾಡ," ಎಂದಳು. ಬಹಳ ದಿನದ ಮೇಲೆ ಅವಳ ಧ್ವನಿ ಮೊದಲಿನ ಹಾಗೆ ಗಟ್ಟಿಯಾಗಿತ್ತು. "ಚಾ ಮಾಡು. ಸಕ್ರಿ ಹೆಚ್ಚ ಹಾಕು. ಹುಣ್ಣಂತ ಹೇಳಿ ಸಕ್ರೀನೂ ಬಿಡಿಸಿದ್ದಿ."

ಚಹಾ ಕುದಿಯುವಾಗ ಫೋನು ಬಂತು.

"ಇಂದುಮತಿಯವರೆ, ಪಿಂಟೊ ಮಾತಾಡುವುದು. ಪರೀಕ್ಷೆಯ ಹೊತ್ತು ಮುಗೀತು. ನೀವು ರಾಮಣ್ಣನಿಗೆ ಉತ್ತರ ಕೊಡ್ಲಿಲ್ಲ."

"ಗೊತ್ತೈತ್ರಿ ಮೇಡಂ." ಇಂದುಮತಿ ಒಲೆ ಸಣ್ಣ ಮಾಡಿದಳು. "ಚೀಟಿ ಕೌಂಟರಿಗೆ ಹೋಗ್ತೀನ್ರಿ. ಅಲ್ಲೂ ಮಂದೀನ ಬರ್ತಾರಲ್ಲ."

"ನಿಲ್ಲಿ ಮಾರಾಯ್ರೆ, ಪೂರ್ತಿ ಕೇಳಿ. ಅಂಕ ಕೊಡ್ಲಿಕ್ಕೆ ನನ್ನಿಂದ ಆಗುವುದಿಲ್ಲ. ಏನು ಮಾತಾಡಿದಿರಿ ಅಂತ ನನಗೆ ಗೊತ್ತೂ ಇಲ್ಲ. ನೀವು ದಿಂಬಿನ ಕೈ ಬಿಟ್ಟದ್ದು ಕಂಡಿತು, ನಾನು ಕ್ಯಾಮೆರಾ, ಮೈಕು ಎರಡೂ ಆಫ್ ಮಾಡಿದೆ. ಬೇರೆ ಮನೆಯ ಮಾತು ಕೇಳ್ಲಿಕ್ಕೆ ನನಗೆ ಎಂತ ಅಧಿಕಾರ ಉಂಟು? ಆದರೆ ಕೆಲಸ ಮಾಡಿಕೊಂಡು ಓದುವವರಿಗೆ ಒಂದು ನಿಯಮ ಇದೆ. ಪರೀಕ್ಷೆ ನಡುವೆ ನಿಜವಾದ ರೋಗಿ ಕರೆದರೆ ಎದ್ದು ಹೋಗಬಹುದು. ಆಗ ಪರೀಕ್ಷೆ ನಡೆದೇ ಇಲ್ಲ ಅಂತ ಲೆಕ್ಕ. ಆಸ್ಪತ್ರೆ ರೋಗಿಯೇ ಆಗಬೇಕು ಅಂತ ಅದರಲ್ಲಿ ಬರೆದಿಲ್ಲ. ನಾನು ಹುಡುಕಿದೆ, ಬರೆದಿಲ್ಲ."

"ಅಂದ್ರ ಇನ್ನೊಂದ ಸರ್ತಿ..."

"ಇನ್ನೊಂದು ಸರ್ತಿ ಕೂತ್ಕೊಳ್ಳಿ. ಅವಸರ ಇಲ್ಲ. ಮೊದಲು ಮನೆಯದು ನೋಡಿ." ಸ್ವಲ್ಪ ತಡೆದು ಕೇಳಿದರು: "ನಾಡಿ ಇಳೀತಾ?"

"ಇಲ್ರಿ ಮೇಡಂ. ಬೈದ್ರು."

"ಹಾಗಾ?" ಆ ಕಡೆ ಏನೋ ಬರೆದುಕೊಂಡ ಸದ್ದು. "ದಿಂಬಿಗೆ ಬೈಲಿಕ್ಕೆ ಕಲಿಸ್ಬೇಕು ನಾವು."

ದೀಪ ಹಚ್ಚುವ ಹೊತ್ತಿಗೆ ಮೌನೇಶ ಬಂದ. ಕೈಯಲ್ಲಿ ಅವ್ವನಿಗೆಂದು ತಂದ ಎಳನೀರು. "ಮಂಗಳವಾರಕ್ಕ ಆಟೋ ಹೇಳಿ ಬಂದೀನಬೇ ಯವ್ವಾ. ನಾನೂ ರಜಾ ಹಾಕೀನಿ."

"ಆಟೋದಂವಗ ಬ್ಯಾಡಂತ ಹೇಳು," ಎಂದಳು ಕಾಳವ್ವ.

ಅವನು ಹೆಂಡತಿಯನ್ನು ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ. ಅವನ ಮುಖದ ಬಣ್ಣ ಇಳಿಯಿತು. "ನೀ ಹೇಳಿಬಿಟ್ಟೇನು? ಹೇಳಬ್ಯಾಡಂದಿದ್ನಿಲ್ಲೋ..."

"ಅಕೀ ಮ್ಯಾಲೆ ಹಾರಬ್ಯಾಡ. ಬೈಯೂದೆಲ್ಲಾ ನಾ ಬೈದ ಮುಗಿಸೀನಿ." ಕಾಳವ್ವ ಚಾಪೆ ತಟ್ಟಿದಳು. "ಇಲ್ಲಿ ಬಾ. ಕುಂಡ್ರು. ನಿನಗ ಒಂದ ಮಾತ ಹೇಳಬೇಕಾಗೇತಿ. ಕೇಳಾಕ ತ್ರಾಸ ಆಗ್ತೈತಿ. ನಾ ಕೈ ಹಿಡಕೊಂಡಿರ್ತೀನಿ."

ಐವತ್ತರ ಹತ್ತಿರದ ಗಂಡಸು ಎಳನೀರನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕೂತ.

"ಮೌನೇಶಾ, ನಾ ಸಾಯ್ತೀನೋ. ಇವತ್ತಲ್ಲ. ಆದ್ರ ಭಾಳ ದಿನಾನೂ ಇಲ್ಲ."

"ಹಂಗನ್ನಬ್ಯಾಡಬೇ."

ಅವಳು ಕೈ ಬಿಡಲಿಲ್ಲ. ಸುಮ್ಮನೆ ಕಾದಳು. ಗ್ರೀಸು ಮೆತ್ತಿದ ಮಗನ ಬೆರಳುಗಳನ್ನು ಒಂದೊಂದಾಗಿ ಒತ್ತುತ್ತ ಕಾದಳು. ಬಾಗಿಲಲ್ಲಿ ನಿಂತ ಇಂದುಮತಿಗೆ ಇದನ್ನು ಅತ್ತೆಗೆ ಕಲಿಸಿದವರಾರು ಎಂದು ಅಚ್ಚರಿಯಾಯಿತು. ಯಾರೂ ಕಲಿಸಿದ್ದಲ್ಲ, ಮಗ ಎಷ್ಟು ಹೊತ್ತಿಗೆ ಅಳುತ್ತಾನೆ ಎಂಬುದು ಹೆತ್ತವಳಿಗೆ ತಿಳಿದೇ ಇರುತ್ತದೆ.

ಅವನು ಅತ್ತ. ಎಳನೀರು ಉರುಳಿ ಗೋಡೆಯ ಮೂಲೆಗೆ ಹೋಯಿತು.

"ನನಗ ಏನ ಮಾಡ್ಬೇಕು ತಿಳೀವಲ್ದಬೇ ಯವ್ವಾ," ಎಂದ ಕೊನೆಗೆ. "ಡಿಪೋದಾಗ ಕೈಯ ಓಡಂಗಿಲ್ಲ. ಏನರೆ ಮಾಡಬೇಕಲ್ಲ ನಾ ನಿನಗ."

"ಮಾಡು. ಮಂಗಳವಾರದ ರಜಾ ಐತಲ್ಲ, ಅದನ್ನ ಹಂಗ ಇಟಗೊ." ಕಾಳವ್ವ ಗದ್ದ ಎತ್ತಿ ತಲೆಬಾಗಿಲಿನ ಕಡೆ ತೋರಿಸಿದಳು. "ಆ ಬಾಗಲಾ ನೋಡು. ಎಷ್ಟ ವರ್ಷ ಆತು ನೆಲಕ್ಕ ಉಜ್ಜಾಕತ್ತು. ಬಡಿಗ್ಯಾರ ಮನೀ ಬಾಗಲಾ ಹಂಗಿದ್ರ ಹೆಂಗ? ಇನ್ನ ಮ್ಯಾಲೆ ನನ್ನ ನೋಡಾಕ ಮಂದಿ ಬಂದು ಹೋಗೋ ಮನಿ ಇದು. ಅರ್ಧಾ ತಗದ ಬಾಗಲದಾಗ ಓರೆಯಾಗಿ ನುಗ್ಗಿ ಬರಬೇಕೇನ ಅವರು?"

ಮೌನೇಶ ಮಂಗಳವಾರದವರೆಗೆ ಕಾಯಲಿಲ್ಲ. ಎದ್ದು, ಮಾಳಿಗೆಯ ಮೇಲಿದ್ದ ಅಪ್ಪನ ಹತ್ಯಾರದ ಚೀಲ ಇಳಿಸಿ, ತಿರುಪುಳಿ ಹುಡುಕಿ, ಬಾಗಿಲ ತಿರುಪುಗಳನ್ನು ಬಿಚ್ಚತೊಡಗಿದ. ತುಕ್ಕು ಹಿಡಿದಿದ್ದವು, ಒಂದಕ್ಕೆ ಎಣ್ಣೆ ಬಿಡಬೇಕಾಯಿತು. ಬಾಗಿಲು ಕಳಚಿ ಬಂದಾಗ ಇಂದುಮತಿ ಅದನ್ನು ಎರಡೂ ಕೈಯಲ್ಲಿ ಆತು ಹಿಡಿದಳು. ಓಣಿಯ ಮಗ್ಗದ ಸದ್ದು ತಡೆಯಿಲ್ಲದೆ ಮನೆಯೊಳಗೆ ಬಂತು. ಅವನು ಬಾಗಿಲನ್ನು ಅಡ್ಡ ಮಲಗಿಸಿ ಕೆಳಗಿನ ಅಂಚನ್ನು ಕೆತ್ತತೊಡಗಿದ. ಮರದ ಸಿಪ್ಪೆಗಳು ಸುರುಳಿ ಸುರುಳಿಯಾಗಿ ಕಾಳವ್ವನ ಕಾಲ ಬಳಿ ಬಿದ್ದವು.

ಅವಳು ಬಗ್ಗಿ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ ನೋಡಿದಳು.

"ಇನ್ನೂ ಒಂದೀಟ ತೆಗಿ," ಎಂದಳು.